ಗುರುವಾರದ ಹೊಟ್ಟೆಗಳು

ಹೆಸರು ಇತ್ತು. ಇರಲಿಲ್ಲ ಎಂದು ನಾಳೆ ಯಾರೂ ಜಗಳಕ್ಕೆ ಬರುವ ಹಾಗಿರಲಿಲ್ಲ. ಪ್ರಬಂಧದ ಹದಿನೇಳನೆಯ ಪುಟದ ಬುಡದಲ್ಲಿ, ಫಿಲ್ಮು ಒದಗಿಸಿದ ಕಂಪೆನಿಗೆ, ಕಾಲೇಜಿನ ಆಡಳಿತಕ್ಕೆ, ಲೈಬ್ರರಿಯವರಿಗೆ ಎಲ್ಲ ವಂದನೆ ಹೇಳಿ ಮುಗಿದ ಮೇಲೆ, ತಾಂತ್ರಿಕ ಸಹಾಯ ಮಾಡಿದ ಮಿಸ್ ಹೇಮಾಕ್ಷಿಗೂ ಎಂದು ಇಂಗ್ಲಿಷಿನಲ್ಲಿ ಅರ್ಧ ಸಾಲು. ಟೈಪಿಸ್ಟ್ ಡಾಲಿ ಯಂತ್ರದಿಂದ ತಲೆ ಎತ್ತದೆ ಆ ಹಾಳೆಯನ್ನು ಅವಳ ಕಡೆಗೆ ತಳ್ಳಿ, "ನಿಮ್ಮ ಹೆಸರು ಸಹ ಬಂದಿದೆ ನೋಡಿ ಮಿಸ್. ಸರ್ ಕಾನ್ಫರೆನ್ಸಿಗೆಂದು ಸಂಜೆ ಬೊಂಬಾಯಿ ಬಸ್ಸಿಗೆ ಹೋಗುವವರು, ಎಂತಾದರೂ ತಿದ್ದಲಿಕ್ಕಿದ್ದರೆ ಈಗಲೇ ಹೇಳಿ" ಎಂದಳು. ಹೇಮಾಕ್ಷಿ ಮೊದಲ ಪುಟ ತಿರುವಿ ನೋಡಿದಳು. ಡಾ. ಬಿ. ಜಯಪಾಲ, ಎಂ.ಡಿ. ಒಬ್ಬರೇ. ಹಾಳೆಯ ನಟ್ಟನಡುವೆ, ಆಚೀಚೆ ಯಾರೂ ಇಲ್ಲ. ಜೊತೆಗೆ ಇನ್ನೊಂದು ಹೆಸರು ಕೂರಿಸಲು ಬೇಕಾದಷ್ಟು ಜಾಗ ಎರಡೂ ಬದಿ ಬಿಳಿಯಾಗಿ ಬಿದ್ದುಕೊಂಡಿತ್ತು. "ಎಂತ ಇಲ್ಲ, ಚಂದ ಬಂದಿದೆ" ಎಂದುಬಿಟ್ಟಳು. ಚಂದ ಬಂದಿದೆಯಂತೆ! ಬಾಗಿಲು ದಾಟಿ ನಾಲ್ಕು ಹೆಜ್ಜೆ ಇಟ್ಟ ಮೇಲೆ ಆ ಮಾತು ನೆನಪಾಗಿ ಮೈಯೆಲ್ಲ ಉರಿದುಹೋಯಿತು. ಡಾಕ್ಟರರ ಮೇಲಿನ ಸಿಟ್ಟು ಆಮೇಲೆ ಬಂತು. ಮೊದಲು ಬಂದದ್ದು ತನ್ನ ನಾಲಿಗೆಯ ಮೇಲೆ. ಈ ನಾಲಿಗೆ ಯಾವತ್ತೂ ಹೀಗೆಯೇ, ಯಾರಾದರೂ ಕಾಲು ತುಳಿದರೆ ಪರವಾಗಿಲ್ಲ ಎಂದು ಮೊದಲು ಹೇಳಿ, ಮನೆಗೆ ಹೋದ ಮೇಲೆ ನೋವು ಲೆಕ್ಕ ಹಾಕುವಂಥದು.

ಎರಡು ವರ್ಷ. ಮೊನ್ನೆ ಜನವರಿಗೆ ಎರಡು ವರ್ಷ ತುಂಬಿ ಈಗ ಎಂಬತ್ತಮೂರರ ಫೆಬ್ರವರಿ. ಎಷ್ಟು ಮೊಟ್ಟೆ ಒಡೆದಿದ್ದಾಳೆ ಎಂದು ಕೇಳಿದರೆ ಅವಳ ಕೈಬೆರಳು ಹೇಳಬೇಕು. ಹಳದಿ ಬೇರೆ ಮಾಡಿ, ಬಿಳಿಗೆ ಬೇರಿಯಂ ಪುಡಿ ಕಲಸಿ, ಗಂಟು ಬಾರದ ಹಾಗೆ ತಿರುವಿ, ಸ್ಟೀಲಿನ ಟಿಫಿನ್ ಡಬ್ಬಿಗಳಲ್ಲಿ ಬಿಸಿನೀರಿನ ತೊಟ್ಟಿಗೆ ಇಳಿಸುವುದು. ಕಾಯಿಸಿದ ಹಾಗೆ ಅದು ಹೆಪ್ಪುಗಟ್ಟಿ ಜೆಲ್ ಆಗುತ್ತಿತ್ತು. ಮಂಗಳವಾರದ್ದು ಮೆತ್ತನೆಯದು, ಸ್ವಲ್ಪ ಬಿಸಿ ಸಾಕು, ಎಂಟು ಗಂಟೆಗೆಲ್ಲ ತಯಾರು. ಗುರುವಾರದ್ದು ಗಟ್ಟಿ, ಚೂರಿಯಲ್ಲಿ ಕತ್ತರಿಸಬೇಕು, ಕಾಯಲು ಆರಲು ಇನ್ನೂ ಒಂದೂವರೆ ಗಂಟೆ ಹೆಚ್ಚು ಹಿಡಿಯುತ್ತಿತ್ತು. ಹಿಂದಿನ ರಾತ್ರಿಯಿಂದ ಏನೂ ತಿನ್ನದೆ ಬಂದ ಜನ ಅದನ್ನು ತಿಂದು ಎಕ್ಸ್‌ರೇ ಯಂತ್ರದ ಎದುರು ನಿಲ್ಲುತ್ತಿದ್ದರು, ಅರ್ಧರ್ಧ ಗಂಟೆಗೆ ಒಂದು ಚಿತ್ರ. ಬೇರಿಯಂ ಇದ್ದಲ್ಲಿ ಫಿಲ್ಮು ಬೆಳ್ಳಗೆ. ಹೊಟ್ಟೆಯೊಳಗಿನ ಆ ಬಿಳಿ ನಿಧಾನ ಕರಗಿ, ಒಡೆದು, ಕರುಳಿಗೆ ಜಾರಿ ಪೂರ್ತಿ ಖಾಲಿಯಾಗಲು ಎಷ್ಟು ಹೊತ್ತು ಬೇಕು ಎಂಬುದೇ ಪ್ರಶ್ನೆ. ಪ್ರಶ್ನೆ ಡಾಕ್ಟರರದ್ದು, ಅದನ್ನು ಅವಳು ಇಲ್ಲವೆನ್ನುವುದಿಲ್ಲ. ಆಪರೇಷನ್ ಆದವರಿಗೆ, ತಿಂದದ್ದು ಹೊಟ್ಟೆಯಲ್ಲಿ ನಿಲ್ಲದವರಿಗೆ ಎಂಥ ಆಹಾರ ಕೊಡಬೇಕು ಎಂದು ಇದರಿಂದ ತಿಳಿಯುತ್ತದೆ ಎಂದು ಮೊದಲ ದಿನ ಅವರು ಹೇಳಿದಾಗ ಅವಳಿಗೆ ರೋಮಾಂಚನವಾಗಿತ್ತು. ಗಟ್ಟಿಯದು ನಲವತ್ತು ನಿಮಿಷ ಹೆಚ್ಚು ನಿಲ್ಲುತ್ತದೆ ಎಂದು ಮೊದಲು ಕಂಡದ್ದು ಮಾತ್ರ ಅವಳಿಗೆ. ಮಣ್ಣಗುಡ್ಡದ ಬಾಡಿಗೆ ಮನೆಯಲ್ಲಿ ಅಕ್ಕಿ ಡಬ್ಬದ ಮುಚ್ಚಳದ ಮೇಲೆ ಗ್ರಾಫ್ ಹಾಳೆ ಹರಡಿ ಎರಡು ಗೆರೆ ಎಳೆದಾಗ, ಒಂದು ಬೇಗ ಕೆಳಗಿಳಿದು ಇನ್ನೊಂದು ಹಟ ಹಿಡಿದು ಮೇಲೆಯೇ ನಿಂತಾಗ, ಅವಳು ಎದ್ದು ಅಡುಗೆಮನೆಗೆ ಹೋಗಿ ಸುಮ್ಮನೆ ಅಮ್ಮನ ಬೆನ್ನಿಗೆ ಮುಖ ಒತ್ತಿದ್ದಳು. "ಎಂತ ಮಗಾ, ಯಾರು ಎಂತ ಹೇಳಿದರು?" ಎಂದು ಅಮ್ಮ ಗಾಬರಿಯಾಗಿದ್ದಳು. ಆ ನಲವತ್ತು ನಿಮಿಷ ಇವತ್ತು ಡಾ. ಬಿ. ಜಯಪಾಲರ ಸೂಟ್‌ಕೇಸಿನೊಳಗೆ ಕೂತು ಬೊಂಬಾಯಿಗೆ ಹೊರಟಿದೆ. ಉಂಡೂ ಹೋದ ಕೊಂಡೂ ಹೋದ.

ಗುರುವಾರ ಬೆಳಗಿನ ಹೊತ್ತು ಅವಳು ಮೇಲಿನ ಲ್ಯಾಬು ಬಿಟ್ಟು ಇಳಿಯುವುದಿಲ್ಲ. ತೊಟ್ಟಿಯ ಬಿಸಿ ನೋಡುತ್ತ ಕೂರಬೇಕು, ಒಂಬತ್ತೂವರೆಗೆ ಡಬ್ಬಿ ತೆಗೆದು ಟ್ರೇಯಲ್ಲಿಟ್ಟು ಕೆಳಗೆ ಒಯ್ಯಬೇಕು. ಇವತ್ತು ಕೂರಲು ಆಗಲಿಲ್ಲ. ಥರ್ಮಾಮೀಟರಿನ ಪಾದರಸದ ಗೆರೆ ನೋಡಿದರೂ ಸಿಟ್ಟು ಬರುತ್ತಿತ್ತು. ಡಾಕ್ಟರರನ್ನು ಈಗಲೇ ಹೋಗಿ ಕೇಳಿಬಿಡಬೇಕು, ಸರ್ ಇದು ಹೇಗೆ ಸರಿ ಎಂದು. ಕೇಳಿದರೆ ಅವರು ಕನ್ನಡಕ ತೆಗೆದು ಒರೆಸುತ್ತಾರೆ. ಲ್ಯಾಬಿನಲ್ಲಿ ಬೇರೆ ಎಲ್ಲರಿಗೂ ನೀವು, ಅವಳಿಗೆ ಮಾತ್ರ ನೀನು, ಅದೂ ಎಷ್ಟು ಮೆತ್ತಗಿನ ನೀನು ಎಂದರೆ ತಕರಾರು ಮಾಡಿದವಳೇ ಸಣ್ಣವಳಾಗುವ ಹಾಗೆ. ಕಳೆದ ವರ್ಷ ಒಂದು ಭಾನುವಾರ ಫಿಲ್ಮುಗಳ ಕಟ್ಟು ಹೊತ್ತುಕೊಂಡು ಕದ್ರಿಯ ಅವರ ಮನೆಗೆ ಹೋಗಿದ್ದಳು. ಅವರ ಹೆಂಡತಿ ಸ್ನೇಹಲತಾ ಒಳ್ಳೆಯವರೇ, ಕಾಫಿ ಕೊಟ್ಟರು, ಬಿಸ್ಕೆಟು ಕೊಟ್ಟರು. ಒಳಗಿನಿಂದ ಬಂದ ಡಾಕ್ಟರರ ತಾಯಿ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ಯಾವ ಊರು, ಯಾರ ಮಗಳು, ಯಾರ ಗದ್ದೆ ಮಾಡುತ್ತಿದ್ದದ್ದು ಎಂದು ಮೂರೇ ಪ್ರಶ್ನೆಯಲ್ಲಿ ಅವಳನ್ನು ಎಲ್ಲಿಡಬೇಕೋ ಅಲ್ಲಿಟ್ಟು, "ಈಗ ನಿಮ್ಮವರೆಲ್ಲ ಓದ್ತಾರಲ್ಲ, ಒಳ್ಳೆದಾಯ್ತು" ಎಂದಿದ್ದರು. ಹೌದು ಎಂದಿದ್ದಳು ಹೇಮಾಕ್ಷಿ. ನಗುತ್ತ ಹೌದು ಎಂದಿದ್ದಳು, ಥೂ. ಉರಿ ಸಣ್ಣಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಟೆ ಎಂಟೂಕಾಲು ಎಂಬುದನ್ನೂ ನೋಡದೆ ಧಡಧಡ ಮೆಟ್ಟಿಲಿಳಿದಳು.

ಡಾಕ್ಟರರ ಕೋಣೆಗೆ ಹೋಗಬೇಕಾದರೆ ಎಕ್ಸ್‌ರೇ ವಿಭಾಗದ ಜಗಲಿ ದಾಟಬೇಕು. ಜಗಲಿಯ ಬೆಂಚಿನ ಮೇಲೆ ಮೂಸಬ್ಬ ಕೂತಿದ್ದ. ಬಂದರಿನಲ್ಲಿ ಕೈಗಾಡಿ ಎಳೆಯುವವನು, ಕಳೆದ ವರ್ಷವೂ ಎರಡು ಸಲ ಬಂದು ಜೆಲ್ ತಿಂದವನು, ಇವತ್ತು ಶುರುವಾಗುವ ಪ್ರಯೋಗದ ಎರಡನೆಯ ಸುತ್ತಿನ ಮೊದಲ ಹೊಟ್ಟೆ ಅವನದ್ದು. ಎರಡೂ ಕೈಯಲ್ಲಿ ದೊಡ್ಡ ಸ್ಟೀಲಿನ ಲೋಟ ಹಿಡಿದು, ತಲೆ ಹಿಂದಕ್ಕೆ ಎತ್ತಿ, ತಳದಲ್ಲಿ ಉಳಿದ ಅನ್ನದ ಅಗುಳನ್ನು ಬೆರಳಿನಿಂದ ಬಾಯಿಗೆ ಎಳೆದುಕೊಳ್ಳುತ್ತಿದ್ದ. ಎದುರಿಗೆ ಆಯಾ ಅಮ್ಮಣಿ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಮನೆಯಿಂದ ತನ್ನ ಮಧ್ಯಾಹ್ನದ ಊಟಕ್ಕೆಂದು ತಂದ ಹಿಡಿಕೆಯ ತೂಕುಪಾತ್ರೆಯ ಮುಚ್ಚಳದ ಮೇಲೆ ಮಾವಿನ ಉಪ್ಪಿನಕಾಯಿಯ ಹೋಳು ಇಟ್ಟುಕೊಂಡು, "ಇದನ್ನು ನೆಕ್ಕು ಸಾಯಬಾ, ಬಾಯಿ ಸಪ್ಪೆ ಆಗಿರ್ತದೆ" ಎನ್ನುತ್ತಿದ್ದಳು. ಕುಚ್ಚಲಕ್ಕಿ ಗಂಜಿಯ ಬಿಸಿ ವಾಸನೆ ಜಗಲಿಯ ಫಿನಾಯಿಲಿನ ನಡುವೆ ಮನೆಯಂತೆ ನಿಂತಿತ್ತು. ಹೇಮಾಕ್ಷಿಗೆ ಒಂದು ಗಳಿಗೆ ಹಸಿವೆಯೇ ಆಯಿತು. ಬೆಳಿಗ್ಗೆ ಅವಳೂ ಏನೂ ತಿಂದಿರಲಿಲ್ಲ. ಮರುಗಳಿಗೆಗೆ ತಾನು ನೋಡುತ್ತಿರುವುದು ಏನೆಂದು ತಲೆಗೆ ಹತ್ತಿತು.

"ಏನದು? ಎಂತ ಕೊಟ್ಟದ್ದು ನೀನು ಅವನಿಗೆ?"

"ಗಂಜಿ ಮೇಡಂ" ಎಂದಳು ಅಮ್ಮಣಿ. ಕದ್ದು ಸಿಕ್ಕಿಬಿದ್ದವಳ ಧ್ವನಿಯಲ್ಲ ಅದು. "ಒಂದು ಲೋಟ. ನಿಮಗೂ ಉಂಟು, ಕೊಡಲಾ?"

"ಖಾಲಿ ಹೊಟ್ಟೆಯಲ್ಲಿ ಇರಬೇಕು ಅಂತ ಹೇಳಿದ್ದು ಯಾರಿಗೆ? ಗೋಡೆಗಾ? ನಿನಗೆ ತಲೆ ಉಂಟಾ ಇಲ್ಲವಾ? ಯಾರು ಹೇಳಿದ್ದು ನಿನಗೆ ಕೊಡಲಿಕ್ಕೆ, ಹೇಳು!"

ಜಗಲಿಯಲ್ಲಿದ್ದ ರೋಗಿಗಳೆಲ್ಲ ತಿರುಗಿದರು. ತನ್ನ ಧ್ವನಿ ಇಷ್ಟು ಮೇಲೆ ಹೋಗುತ್ತದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಡಾಕ್ಟರರ ಎದುರು ಏಳದೆ ಉಳಿದದ್ದೆಲ್ಲ ಈ ಬಡಪಾಯಿ ಹೆಂಗಸಿನ ತಲೆಯ ಮೇಲೆ ಸುರಿಯುತ್ತಿದೆ ಎಂದು ಒಳಗೊಬ್ಬಳು ಹೇಳಿದಳು. ಹೇಳಿದರೂ ಬಾಯಿ ನಿಲ್ಲಲಿಲ್ಲ. ಮೂಸಬ್ಬ ಎದ್ದು ನಿಂತು ಲೋಟವನ್ನು ಬೆನ್ನ ಹಿಂದೆ ಹಿಡಿದುಕೊಂಡ.

"ಅವರಿಗೆ ಬೈಬೇಡಿ ಅಕ್ಕ" ಎಂದ. "ನಾವು ನೋಂಬು ಹಿಡಿಯುವವರು, ಹಸಿವು ನಮಗೆ ಹೊಸತಲ್ಲ. ಆದರೆ ನೋಂಬಿಗೆ ಬೆಳಗ್ಗಿನ ಜಾವ ಎದ್ದು ತಿನ್ನಲಿಕ್ಕೆ ಉಂಟು. ಇದು ನಿನ್ನೆ ರಾತ್ರಿ ಎಂಟಕ್ಕೆ ಬಾಯಿ ಕಟ್ಟಿದ್ದು. ಬಂದರಿನಿಂದ ನಡೆದು ಬಂದೆ, ತಲೆ ತಿರುಗಿತು. ಅವರು ನೋಡಿದರು, ಕೊಟ್ಟರು."

"ಹಸಿದವರನ್ನು ಎದುರು ಕೂರಿಸಿಕೊಂಡು ನಾನು ಬೀಗ ಹಾಕಿದ ಬಾಗಿಲಿನ ಹಾಗೆ ಕೂರುವುದಾ ಮೇಡಂ?" ಅಮ್ಮಣಿಗೂ ಈಗ ಸ್ವಲ್ಪ ಬಿಸಿ ಹತ್ತಿತ್ತು. "ನಮ್ಮಲ್ಲಿ ವೈರಿ ಬಂದರೂ ಒಂದು ತುಂಡು ಬೆಲ್ಲ, ಒಂದು ಚೆಂಬು ನೀರು ಕೊಟ್ಟು ಆಮೇಲೆ ಜಗಳ. ಮಂಗಳವಾರದವರಿಗೆ ಕೊಡುವುದಿಲ್ಲ ನಾನು. ಅವರಿಗೆ ನೀವು ಎಂಟಕ್ಕೇ ಆ ಮೊಟ್ಟೆ ಹಲ್ವ ಕೊಡ್ತೀರಿ. ಈ ಗುರುವಾರದವರನ್ನು ಏಳಕ್ಕೆ ಕರೆಸಿ ಹತ್ತು ಗಂಟೆಯವರೆಗೆ ಒಣಗಿಸ್ತೀರಲ್ಲ, ಅವರಿಗೆ ಮಾತ್ರ."

ಹೇಮಾಕ್ಷಿ ಬೆಂಚಿನ ಮೇಲೆ ಕೂತುಬಿಟ್ಟಳು. "ಎಲ್ಲ ಗುರುವಾರವೂ?" ಎಂದು ಕೇಳಿದಳು. ಕೇಳುವ ಮೊದಲೇ ಉತ್ತರ ಗೊತ್ತಾಗಿತ್ತು. ಎಲ್ಲ ಗುರುವಾರವೂ. ಅಮ್ಮಣಿಗೆ ಒಬ್ಬೊಬ್ಬರೂ ನೆನಪಿದ್ದರು. ಗಡ್ಡದ ಮೇಸ್ತ್ರಿಗೆ ಒಂದು ಲೋಟ, ಹಾಸ್ಟೆಲಿನ ಅಡಿಗೆಯವನಿಗೆ ಒಂದು, ಬೀಡಿ ಕಟ್ಟುವ ಸಾರಮ್ಮನಿಗೆ ಅರ್ಧ, ಅವಳಿಗೆ ಉಪ್ಪು ಜಾಸ್ತಿ ಬೇಕಿತ್ತು. ಹದಿಮೂರು ಜನ. ಗಂಜಿಯಲ್ಲಿ ಬೇರಿಯಂ ಇಲ್ಲ. ಬೇರಿಯಂ ಇಲ್ಲದ್ದು ಫಿಲ್ಮಿಗೆ ಬೀಳುವುದಿಲ್ಲ. ಅರ್ಧರ್ಧ ಗಂಟೆಗೆ ತೆಗೆದ ಅಷ್ಟು ಚಿತ್ರಗಳಲ್ಲಿ ಬೆಳ್ಳಗೆ ಕಂಡದ್ದು ಅವಳ ಜೆಲ್ ಮಾತ್ರ. ಅದರ ಅಡಿಯಲ್ಲಿ, ಪಕ್ಕದಲ್ಲಿ, ಅದು ಕೆಳಗಿಳಿಯದ ಹಾಗೆ ದಾರಿ ತುಂಬಿಕೊಂಡು ಕೂತಿದ್ದ ಅಮ್ಮಣಿಯ ಗಂಜಿ ಯಾರ ಕಣ್ಣಿಗೂ ಬೀಳಲಿಲ್ಲ. ಹಟ ಹಿಡಿದು ಮೇಲೆ ನಿಂತ ಗೆರೆ ಗಟ್ಟಿ ಜೆಲ್ಲಿನದಲ್ಲ. ಅಯ್ಯೋ ದೇವರೇ, ನಲವತ್ತು ನಿಮಿಷವೂ ಕುಚ್ಚಲಕ್ಕಿಯದು. ಅಮ್ಮನ ಬೆನ್ನಿಗೆ ಮುಖ ಒತ್ತಿದ್ದು ಕುಚ್ಚಲಕ್ಕಿಗೆ.

"ಒಬ್ಬಳು ಮಾತ್ರ ಮುಟ್ಟಲಿಲ್ಲ" ಎಂದಳು ಅಮ್ಮಣಿ, ಸಿಟ್ಟಿಳಿದು, ಅವಳ ಮುಖ ನೋಡಿ ಹೆದರಿ. "ಆ ಜೆಪ್ಪುವಿನ ರೊಸಾಲಿನ್ ಬಾಯಿ, ಹಂಚಿನ ಕಾರ್ಖಾನೆಯವಳು. ಈಸ್ಟರಿನ ಮುಂಚಿನ ಉಪವಾಸದ ದಿನಗಳು, ಬೇಡ ಅಂದಳು. ಎಷ್ಟು ಹೇಳಿದರೂ ಕೇಳಲಿಲ್ಲ."

ರೊಸಾಲಿನ್. ಆ ಫಿಲ್ಮುಗಳು ಹೇಮಾಕ್ಷಿಗೆ ಬಾಯಿಪಾಠ ಇದ್ದವು. ಗಟ್ಟಿ ಜೆಲ್ ತಿಂದ ಹದಿನಾಲ್ಕು ಜನರಲ್ಲಿ ಅವಳದೊಂದೇ ಹೊಟ್ಟೆ ಮಂಗಳವಾರದವರಷ್ಟೇ ಬೇಗ ಖಾಲಿಯಾದದ್ದು. ಡಾಕ್ಟರರು ಕಾಫಿ ಕುಡಿಯುತ್ತ ಆ ಫಿಲ್ಮುಗಳನ್ನು ಬೆಳಕಿಗೆ ಹಿಡಿದು, "ಇದೆಂತ ಎಡವಟ್ಟು, ತೆಗೆದುಹಾಕು" ಎಂದು ಕೆಂಪು ಪೆನ್ಸಿಲಿನಲ್ಲಿ ಕಾಟು ಹಾಕಿದ್ದರು. ಅವಳು ಏನು ಮಾಡಿದಳು? ಕಾರಣ ಬರೆಯುವ ಜಾಗದಲ್ಲಿ, ಜೆಲ್ ಸರಿಯಾಗಿ ಗಟ್ಟಿಯಾಗಿರಲಿಲ್ಲ ಎಂದು ತನ್ನ ಕೈಯಾರೆ ಬರೆದಳು. ಆವತ್ತಿನ ಜೆಲ್ ಕಲ್ಲಿನಂತೆ ಗಟ್ಟಿಯಾಗಿತ್ತು, ಚೂರಿ ಇಳಿಸುವಾಗ ಡಬ್ಬಿಯೇ ಜಾರಿತ್ತು, ಅವಳಿಗೆ ಗೊತ್ತಿತ್ತು. ಯಾರೂ ಅವಳ ಕೈ ಹಿಡಿದು ಬರೆಸಿರಲಿಲ್ಲ. ಗೆರೆ ಚಂದ ಬರಬೇಕಿತ್ತು, ಅಷ್ಟೇ. ಎರಡು ವರ್ಷದಲ್ಲಿ ಸಿಕ್ಕಿದ ಒಂದೇ ಒಂದು ನಿಜ, ಅದನ್ನು ಹೊರಗೆ ಎಸೆದದ್ದರಲ್ಲಿ ಪೆನ್ಸಿಲು ಅವರದ್ದು, ಸುಳ್ಳು ಇವಳದ್ದು.

ಏಳಕ್ಕೆ ಬನ್ನಿ ಎಂದು ಚೀಟಿ ಬರೆದು ಕಳಿಸುತ್ತಿದ್ದವಳೂ ಇವಳೇ. ಗುರುವಾರದ್ದು ಆಗಲು ಒಂಬತ್ತೂವರೆಯಾಗುತ್ತದೆ ಎಂದು ಇವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಏಳು. ಎಲ್ಲರಿಗೂ ಒಂದೇ ಹೊತ್ತು, ಕ್ರಮ ಎಂದರೆ ಕ್ರಮ. ಎರಡು ವರ್ಷದಲ್ಲಿ ಒಂದು ಸಲ ಈ ಬೆಂಚಿನಲ್ಲಿ ಬಂದು ಕೂತಿದ್ದರೆ, ಒಂದು ಸಲ ಅಮ್ಮಣಿಯ ಹತ್ತಿರ ಇವರು ಕಾಯುವಾಗ ಏನು ಮಾಡುತ್ತಾರೆ ಎಂದು ಕೇಳಿದ್ದರೆ ಸಾಕಿತ್ತು. ಕಾಯುವುದು ಏನೆಂದು ತಿಳಿಯದವಳೇನೂ ಅಲ್ಲ. ಆರು ವರ್ಷದವಳಿದ್ದಾಗ ಅಮ್ಮನ ಜೊತೆ ಒಡೆಯರ ಅಂಗಳದ ಮೂಲೆಯಲ್ಲಿ, ಗೇಣಿಯ ಅಕ್ಕಿಮುಡಿ ಇಳಿಸಿ ಆದ ಮೇಲೆ, ಒಳಗೆ ಸ್ನಾನ ಆಗಿ, ಪೂಜೆ ಆಗಿ, ಊಟ ಆಗಿ ಯಾರಾದರೂ ಹೊರಗೆ ಬರುವವರೆಗೆ ಕಾದದ್ದಿದೆ. ನೆರಳು ಕಾಲಡಿಗೆ ಬಂದು ಮತ್ತೆ ಆಚೆ ಹೋಗುತ್ತಿತ್ತು. ಕೊನೆಗೆ ಅಡುಗೆಯ ಮುದುಕಿಯೊಬ್ಬಳು ಯಾರಿಗೂ ಕಾಣದ ಹಾಗೆ ಹಿತ್ತಲಿನಿಂದ ಒಂದು ಬಟ್ಟಲು ಗಂಜಿ ತಂದು ಮಗುವಿಗೆ ಎಂದು ಕೊಟ್ಟಿದ್ದಳು. ಅದನ್ನು ಕುಡಿದೇ ಬದುಕಿದವಳು ಓದಿ ಎಂ.ಎಸ್ಸಿ. ಮಾಡಿ, ಇವತ್ತು ಇನ್ನೊಬ್ಬರನ್ನು ಕಾಯಿಸಿ ಕೂರಿಸಿದ್ದಲ್ಲದೆ, ಲೋಟ ಹಿಡಿದ ಕೈಗೆ ಬೈದಳು. ಸಿಟ್ಟಿಗೆ ಈಗ ಹೋಗಲು ಎಲ್ಲ ದಿಕ್ಕೂ ತೆರೆದಿತ್ತು, ಯಾವ ಕಡೆ ಹೋದರೂ ಅಲ್ಲಿ ತಾನೇ ನಿಂತಿದ್ದಳು. "ತಪ್ಪಾಯಿತು ಅಮ್ಮಣಿ" ಎಂದಳು. ಯಾವ ತಪ್ಪು, ಯಾರದ್ದು ಎಂದು ಅರ್ಥವಾಗದೆ ಅಮ್ಮಣಿ ತಲೆಯಾಡಿಸಿದಳು. "ಮೂಸಬ್ಬಣ್ಣ, ಇವತ್ತು ಇಲ್ಲ. ಮನೆಗೆ ಹೋಗಿ."

ಪ್ರಯೋಗದ ನೋಟ್‌ಬುಕ್ಕನ್ನು ಮೇಲಿನಿಂದ ತಂದು ಡಾಕ್ಟರರ ಕೋಣೆಗೆ ಹೋಗುವಾಗ ಒಂದು ನೀಚ ಯೋಚನೆ ಬಂತು. ಹೇಳದಿದ್ದರೆ? ಹೋಗಲಿ, ಬೊಂಬಾಯಿಯಲ್ಲಿ ಎದ್ದು ನಿಂತು ನಲವತ್ತು ನಿಮಿಷ ಎಂದು ಹೇಳಲಿ. ನಾಳೆಯೋ ನಾಡಿದ್ದೋ ಬೇರೆ ಊರಿನವರು ಮಾಡಿ ನೋಡಿ ಎಂಥದ್ದೂ ಇಲ್ಲ ಎಂದಾಗ ಮಸಿ ಬೀಳುವುದು ಒಬ್ಬರದ್ದೇ ಹೆಸರಿಗೆ. ಹೆಸರು ಬಿಟ್ಟು ಅವರು ತನಗೆ ಉಪಕಾರವನ್ನೇ ಮಾಡಿದ್ದಾರೆ! ಈ ಯೋಚನೆ ಎಷ್ಟು ರುಚಿಯಾಗಿತ್ತೆಂದರೆ ಅದನ್ನು ಜಗಿಯುತ್ತ ಅವಳು ಬಾಗಿಲ ಹೊರಗೆ ಎರಡು ನಿಮಿಷ ನಿಂತಳು. ಆಮೇಲೆ ಅದೂ ಕಹಿಯಾಯಿತು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲದ ಯಾವನೋ ರೋಗಿಗೆ ಯಾವನೋ ಡಾಕ್ಟರು ಆ ಕಾಗದ ಓದಿ ಗಟ್ಟಿಯದನ್ನೇ ತಿನ್ನು ಎನ್ನುತ್ತಾನೆ. ಬಾಗಿಲು ತಳ್ಳಿದಳು.

"ಬಾ ಬಾ, ನೋಟ್‌ಬುಕ್ ತಂದಿಯಾ? ಅಲ್ಲಿ ಯಾರಾದರೂ ಕೇಳಿದರೆ ತೋರಿಸಲಿಕ್ಕೆ ಕೈಯಲ್ಲಿ ಇರಬೇಕು" ಎಂದರು ಜಯಪಾಲ. ಸ್ಲೈಡುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಳಿಸುತ್ತಿದ್ದರು. ಅವಳು ನಿಂತೇ ಹೇಳಿದಳು, ಒಂದೇ ಉಸಿರಿಗೆ, ತೂಕುಪಾತ್ರೆಯಿಂದ ಹಿಡಿದು ರೊಸಾಲಿನ್‌ವರೆಗೆ. ಅವರು ಮೊದಲು ನಕ್ಕರು.

"ಗಂಜಿಯಾ? ಒಂದು ಲೋಟ ಗಂಜಿಯಿಂದ ಎಂತ ಆಗ್ತದೆ ಮಾರಾಯ್ತಿ!"

"ನಲವತ್ತು ನಿಮಿಷ ಆಗ್ತದೆ ಸರ್."

ನಗು ನಿಂತಿತು. ಕನ್ನಡಕ ತೆಗೆದರು, ಒರೆಸಿದರು. "ಯಾರಿಗೆಲ್ಲ ಗೊತ್ತುಂಟು?"

"ಅಮ್ಮಣಿಗೆ, ಮೂಸಬ್ಬನಿಗೆ. ಆದರೆ ಅವರು ಕೊಟ್ಟದ್ದು ಗೊತ್ತುಂಟು, ಅದರಿಂದ ಎಂತ ಆಯಿತೂಂತ ಗೊತ್ತಿಲ್ಲ. ಅದು ಗೊತ್ತಿರುವುದು ನನಗೆ. ಈಗ ನಿಮಗೆ."

"ಆ ಆಯಾಳನ್ನು ನಾಳೆಯಿಂದ ಬೇರೆ ವಾರ್ಡಿಗೆ ಹಾಕಿಸ್ತೇನೆ. ಕೆಲಸದಿಂದಲೇ ತೆಗೆಯಬೇಕು, ಅಧಿಕಪ್ರಸಂಗಿ."

"ಏಳಕ್ಕೆ ಕರೆಸಿದ್ದು ನಾನು ಸರ್. ತೆಗೆಯುವುದಾದರೆ ನನ್ನನ್ನು ತೆಗೆಯಿರಿ."

ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದು ಕೂತರು. ಹಣೆಯಲ್ಲಿ ಬೆವರಿತ್ತು. ಸಂಜೆಯ ಬಸ್ಸು, ಇಸ್ತ್ರಿ ಮಾಡಿದ ಸೂಟು, ಬರುವ ವರ್ಷ ಪ್ರೊಫೆಸರ್ ಹುದ್ದೆಯ ಇಂಟರ್‌ವ್ಯೂ, ಎಲ್ಲ ಅವರ ಮುಖದಲ್ಲಿ ಒಂದರ ಹಿಂದೆ ಒಂದು ಹಾದುಹೋದದ್ದು ಅವಳಿಗೆ ಕಂಡಿತು. ಆ ಮುಖದ ಮೇಲೆ ಒಂದು ಚೂರು ಕನಿಕರವೂ ಬಂತು. ಅವರು ಟೈಪಾದ ಕಟ್ಟನ್ನು ಎಳೆದುಕೊಂಡು ಮೊದಲ ಪುಟ ತೆರೆದು ಪೆನ್ನಿನ ಮುಚ್ಚಳ ತೆಗೆದರು. "ನೋಡು ಹೇಮಾಕ್ಷಿ, ನನಗೂ ಮನಸ್ಸಿಗೆ ಬಂದಿತ್ತು. ನಿನ್ನ ಹೆಸರು ಇಲ್ಲಿಯೇ ಬರಬೇಕಾದ್ದು, ನನ್ನ ಜೊತೆಗೆ. ಡಾಲಿಗೆ ಹೇಳಿ ಈಗಲೇ ಈ ಪುಟ ಬೇರೆ ಹೊಡೆಸುವಾ. ಎರಡನೆಯ ಸುತ್ತಿನಲ್ಲಿ ಗಂಜಿ ಗಿಂಜಿ ಎಲ್ಲ ಸರಿ ಮಾಡುವಾ, ಆಗದಾ? ಈಗ ಸುಮ್ಮನೆ ಇರು." ಪೆನ್ನು ಅವರ ಹೆಸರಿನ ಪಕ್ಕದ ಬಿಳಿಯಲ್ಲಿ ಇಳಿಯಿತು. ಹೇಮಾಕ್ಷಿ ಎಂದು ಬರೆದು, ನಿಂತು, ತಲೆ ಎತ್ತಿದರು. "ನಿನ್ನ ಇನಿಶಿಯಲ್ ಎಂತ?"

ಬೇಕಿತ್ತು. ಅಲ್ಲಿ, ಆ ಹಾಳೆಯಲ್ಲಿ, ಒದ್ದೆ ಶಾಯಿಯಲ್ಲಿ ಹೊಳೆಯುತ್ತಿದ್ದ ಹೆಸರು ಅವಳಿಗೆ ಬೇಕೇ ಬೇಕಿತ್ತು. ಒಂದು ಅಕ್ಷರ ಹೇಳಿದರೆ ಆಯಿತು, ಅಪ್ಪನ ಹೆಸರಿನ ಮೊದಲ ಅಕ್ಷರ. ಸಂಜೆ ಮನೆಗೆ ಹೋಗಿ ಅಮ್ಮನಿಗೆ ಓದಿ ಹೇಳಬಹುದು. ಎರಡು ವರ್ಷ ವಾರಕ್ಕೆ ಎರಡು ಸಲ ತನ್ನ ಕೈಯಿಂದ ಹಾಳೆ ತೆಗೆದುಕೊಂಡವರಿಗೆ ಆ ಅಕ್ಷರ ಗೊತ್ತಿಲ್ಲ, ಇರಲಿ, ಅದನ್ನೂ ನುಂಗಬಹುದಿತ್ತು, ಎಷ್ಟೋ ನುಂಗಿದ್ದಾಳೆ. ಆದರೆ ಸಿಟ್ಟು ಈಗ ಕುದಿಯುತ್ತಿರಲಿಲ್ಲ. ಅದು ಕುದಿದು ಕುದಿದು ಗಟ್ಟಿಯಾಗಿತ್ತು. ಅವಳು ಎದುರಿನ ಕುರ್ಚಿ ಎಳೆದು, ಕೂರು ಎಂದು ಅವರು ಹೇಳುವುದನ್ನು ಕಾಯದೆ ಕೂತಳು. ನೋಟ್‌ಬುಕ್ ಬಿಡಿಸಿ, ಮೇಜಿನ ಮೇಲಿದ್ದ ಅವರದ್ದೇ ಇನ್ನೊಂದು ಪೆನ್ನು ತೆಗೆದುಕೊಂಡು, ಮೊದಲ ಗುರುವಾರದ ಪುಟಕ್ಕೆ ಬಂದಳು. ಮೂಸಬ್ಬ, ಗಟ್ಟಿ ಜೆಲ್, ಖಾಲಿ ಹೊಟ್ಟೆ ಎಂದು ತಾನೇ ಇಂಗ್ಲಿಷಿನಲ್ಲಿ ಬರೆದದ್ದಿತ್ತು. ಖಾಲಿ ಹೊಟ್ಟೆ ಎಂಬುದನ್ನು ಹೊಡೆದು, ಪಕ್ಕದಲ್ಲಿ ಕನ್ನಡದಲ್ಲಿ, ದಪ್ಪಕ್ಕೆ, ಗಂಜಿ ಎಂದು ಬರೆದು ಕೆಳಗೆ ಇವತ್ತಿನ ತಾರೀಕು ಹಾಕಿದಳು. ಮುಂದಿನ ಗುರುವಾರ. ಗಂಜಿ. ಅದರ ಮುಂದಿನದು, ಸಾರಮ್ಮ. ಗಂಜಿ, ಅರ್ಧ ಲೋಟ.

"ಏಯ್! ಎಂತ ಮಾಡ್ತಿದ್ದಿ ನೀನು? ಅದು ಒರಿಜಿನಲ್! ಬೇರೆ ಪ್ರತಿ ಇಲ್ಲ ಅದಕ್ಕೆ!" ಜಯಪಾಲ ಕೈ ಚಾಚಿದರು. ಅವಳು ನೋಟ್‌ಬುಕ್ಕನ್ನು ತನ್ನ ಕಡೆಗೆ ಎಳೆದುಕೊಂಡು ಮೊಣಕೈಯಿಂದ ಒತ್ತಿ ಹಿಡಿದಳು. ಅವರ ಧ್ವನಿ ಒಡೆಯಿತು. "ತಲೆ ಕೆಟ್ಟಿದೆಯಾ ನಿನಗೆ? ಎರಡು ವರ್ಷದ ನಿನ್ನ ಕೆಲಸವನ್ನು ನಿನ್ನ ಕೈಯಾರೆ ಹಾಳು ಮಾಡ್ತಿದ್ದಿಯಲ್ಲ!"

"ಹೌದು ಸರ್" ಎಂದಳು ಹೇಮಾಕ್ಷಿ, ಪುಟ ತಿರುವುತ್ತ. "ನನ್ನದೇ."